ಧಾರಾವಾಹಿಯ ಅತ್ತೆ ಕೆಟ್ಟವಳೇ ಇರಲಿ

ಶೂಲಾನ್,

ಹುಣ್ಣಿಮೆಯಲ್ಲವೇ, ಗುವಾನ್‌ಯಿನ್ ದೇವಿಯ ಗುಡಿಗೆ ಹೊರಟೆ. ನವಣೆ ಗಂಜಿ ಒಲೆಯ ಮೇಲಿದೆ. ಕುಡಿದೇ ಬರೆಯಲು ಕೂರು.

ನಿನ್ನೆ ನಿನ್ನ ಧಾರಾವಾಹಿ ಹಾಕುವ ಆ ಆ್ಯಪ್‌ನವನು ಫೋನಿನಲ್ಲಿ, "ಇದೆಂಥಾ ಅತ್ತೆ ಮೇಡಂ, ಬೆಲ್ಲದಚ್ಚು! ನಾಳೆ ಮಧ್ಯಾಹ್ನದೊಳಗೆ ತಿದ್ದಿ ಕೊಡಿ, ಇಲ್ಲಾಂದ್ರೆ ಬೇರೆಯವರ ಕೈಲಿ ಬರೆಸ್ತೀವಿ" ಅಂದದ್ದು ನನಗೂ ಕೇಳಿಸಿತು. ಒಂದು ನಿಮಿಷದ ಕಂತಿನಲ್ಲಿ ಅತ್ತೆ ಮೂರು ಸಲ ಕ್ಷಮೆ ಕೇಳಿದರೆ ಯಾರು ನೋಡುತ್ತಾರೆ? ನಿನ್ನ ಅತ್ತೆಯಾದ ನನಗೆ ನೋವಾದೀತೆಂದೇ ಅವಳನ್ನು ಮೆತ್ತಗೆ ಮಾಡಿದ್ದೀಯ, ಗೊತ್ತು.

ಚಿಕ್ಕಂದಿನಲ್ಲಿ ನಾನು ಕೇಳಿದ ಹಾಡುಗತೆಯ ಅತ್ತೆ ಸೊಸೆಯನ್ನು ಹಿಮದಲ್ಲಿ ನಿಲ್ಲಿಸಿ ಬಾಗಿಲು ಹಾಕುತ್ತಿದ್ದಳು. ನಮ್ಮಜ್ಜಿ ಊರಿಗೇ ಜೋರು ಅತ್ತೆ. ಅವಳೇ ಮುಂದೆ ಕೂತು ಆ ಕಥೆಯ ಅತ್ತೆಗೆ ಶಾಪ ಹಾಕುತ್ತಿದ್ದಳು!

ನೀನೂ ಧಾರಾವಾಹಿಯ ಅತ್ತೆಯ ಕೈಲಿ ಬಾಗಿಲು ಹಾಕಿಸು. ಹನ್ನೊಂದಕ್ಕೆ ಬರುತ್ತೇನೆ. ಬೈಗುಳ ಸಾಲದಿದ್ದರೆ ಕೇಳು. ನಾನು ಆಡುವುದಿಲ್ಲ ಅಷ್ಟೇ, ಬಹಳ ಗೊತ್ತಿವೆ.

ಅಮ್ಮ