ಕತ್ತರಿಸಬಾರದಿದ್ದ ಬಟ್ಟೆ

ಜೂನ್ 15, ಭಾನುವಾರ. ಬಾಗಲಗುಂಟೆ.

ಇವತ್ತು ನನ್ನ ಕೈಗೇ ಬೈಯಬೇಕು.

ಎರಡು ತಿಂಗಳು ಕಾಯಿಲೆ ರಜೆಯಲ್ಲಿದ್ದ ಇವರು ನಾಳೆಯಿಂದ ಮತ್ತೆ ಪೀಣ್ಯದ ಫ್ಯಾಕ್ಟರಿಗೆ ಹೋಗಬೇಕು. ಸಂಜೆ ಯೂನಿಫಾರ್ಮ್ ಪ್ಯಾಂಟು ಹಾಕಿ ನೋಡಿದರೆ ಸೊಂಟದಲ್ಲಿ ನನ್ನ ಮುಷ್ಟಿ ಹೋಗುವಷ್ಟು ಸಡಿಲ. ಎಷ್ಟು ಮಾತ್ರೆ ನುಂಗಿದರೂ ಮೈ ಇಳಿಯೋದು ನಿಂತಿಲ್ಲ.

ಹಿಂಬದಿ ಹೊಲಿಗೆ ಬಿಚ್ಚಿ, ಒಳಗೆ ಹಿಡಿದು, ಬಿಗಿಯಾಗಿ ಹೊಲಿದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಕತ್ತರಿ ಎತ್ತಿಕೊಂಡು ಒಳಗೆ ಉಳಿದ ಬಟ್ಟೆಯನ್ನೂ ಕತ್ತರಿಸಿಬಿಟ್ಟೆ. ಗಾರ್ಮೆಂಟ್ಸಿನಲ್ಲಿ ಒಂಬತ್ತು ವರ್ಷದಿಂದ ಇದೇ ಕೆಲಸ. ಹೊಲಿಯೋದು, ಮಿಕ್ಕಿದ್ದು ಕತ್ತರಿಸೋದು, ಮುಂದಿನವಳ ಕಡೆ ತಳ್ಳೋದು. ಆ ಪ್ಯಾಂಟುಗಳನ್ನು ಯಾರು ಹಾಕ್ತಾರೋ ನಮಗೆ ಗೊತ್ತಿಲ್ಲ. ಮನೆಯವರ ಬಟ್ಟೆಯಾದರೆ ಒಳಗೆ ಬಿಟ್ಟಿರಬೇಕು, ಮೈ ಬಂದಾಗ ಬಿಚ್ಚೋಕೆ ಬೇಕಾಗುತ್ತೆ ಅಂತ ಅವ್ವ ಹೇಳಿಕೊಟ್ಟಿದ್ದಳು. ತುಂಡು ನೆಲಕ್ಕೆ ಬಿದ್ದ ಮೇಲೆ ಅದು ನೆನಪಾಯಿತು.

ಇವರು ಬಗ್ಗಿ ತುಂಡು ಎತ್ತಿಕೊಂಡರು.

"ಯಾಕ, ನಾ ಇನ್ನ ದಪ್ಪ ಆಗಂಗಿಲ್ಲೇನ?" ಅಂತ ನಕ್ಕರು.

"ಕೈಗೆ ರೂಢಿ ರೀ, ತಪ್ಪಾತು" ಅಂದೆ. ನಿಜವಾಗಿಯೂ ಬರೀ ರೂಢಿಯೇ. ನಂಬಿದರೋ ಇಲ್ಲವೋ, ಕೇಳೋಕೆ ಧೈರ್ಯ ಬರಲಿಲ್ಲ.

ಎರಡು ಬೆರಳಗಲದ ನೀಲಿ ಬಟ್ಟೆ. ಬಿಸಾಡೋಕೆ ಆಗದೆ ದಾರದ ಡಬ್ಬಿಯಲ್ಲಿ ಇಟ್ಟಿದ್ದೀನಿ. ಅದನ್ನು ಎಲ್ಲಿಗೆ ಜೋಡಿಸಲಿ?

ಆಮೇಲೆ ಇವರು ಪ್ಯಾಂಟು ಹಾಕಿಕೊಂಡು, ಕನ್ನಡಿ ಮುಂದೆ ಅತ್ತಿತ್ತ ತಿರುಗಿ, "ಅಳತಿ ಕೊಟ್ಟು ಹೊಲಿಸಿದಂಗ ಕುಂತೈತಿ ನೋಡು" ಅಂದರು.

ಹೌದು, ಹಾಗೇ ಕೂತಿತ್ತು. ಅಷ್ಟು ಸರಿಯಾಗಿ ಕೂರಬಾರದಿತ್ತು.