ತಡವಾಗಿ ಬಂದ ಸದ್ದು

ಶನಿವಾರ, ಸಂಜೆ ಐದು ಗಂಟೆ

ಮಾನ್ಯ ಸಭಿಕರೇ, ಮುಂದಿನ ಸಾಲಿನ ಹಿರಿಯರೇ, ಹಿಂದೆ ಗೋಡೆಗೆ ಒರಗಿ ನಿಂತವರೇ, ಮಡಿಲಲ್ಲಿ ಮಗು ಮಲಗಿಸಿಕೊಂಡ ತಾಯಂದಿರೇ, ಎಲ್ಲರೂ ಸದ್ದಡಗಿಸಿ ಕೇಳಿ.

ನೋಡಿದೆಯಾ ಗುಡುಗಮ್ಮ, ಮಗಳಿಗೊಂದು ಪತ್ರ ಬರೆಯಲು ಕೂತರೂ ನಿನ್ನಪ್ಪನಿಗೆ ಸಭೆ ಕೂಡಿಸದೆ ಮಾತು ಹೊರಡುವುದಿಲ್ಲ. ಇವತ್ತಿನ ಸಭೆಯಲ್ಲಿರುವುದು ನೀನೊಬ್ಬಳೇ. ಒಂದೇ ಮನೆಯಲ್ಲಿದ್ದುಕೊಂಡು ಪತ್ರವೇಕೆ ಎನ್ನುತ್ತೀಯಾ? ಎದುರು ನಿಂತು ಹೇಳಹೊರಟರೆ ಅದು ಮೂರನೇ ಅಂಕದ ರಾಜನ ಪಶ್ಚಾತ್ತಾಪವಾಗಿಬಿಡುತ್ತದೆ. ಕೈ ಮೇಲೇಳುತ್ತದೆ, ಕಂಠ ನಡುಗುತ್ತದೆ, ಮೆಟ್ಟಿಲು ಹತ್ತುವವರೆಲ್ಲ ನಿಂತು ಕೇಳುತ್ತಾರೆ. ನನ್ನ ತಪ್ಪಿಗೆ ಚಪ್ಪಾಳೆ ಬೇಡ.

ನಿನ್ನ ಜೊತೆ ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳ ತಂಗಿ ನಾಳೆ ಹತ್ತು ಗಂಟೆಗೆ ಬಂದು ನಿನ್ನ ಗಿಟಾರ್ ಒಯ್ಯುತ್ತಾಳೆಂದು ನೀನು ಬೆಳಿಗ್ಗೆ ಹೇಳಿ ಹೋದೆ. "ಕೊಡೋ ಸಾಮಾನಿನ ಧೂಳಾದ್ರೂ ಒರೆಸಿಡ್ರೀ, ಡೈಲಾಗ್ ಆಮೇಲೆ ಹೇಳಿದ್ರಾಯ್ತು" ಎಂದಳು ನಿಮ್ಮಮ್ಮ. ನಾನು ಬಸ್ಸುಗಳ ಹೊತ್ತು ಕೂಗಿ ಹೇಳುವ ನಿಲ್ದಾಣದ ಮೈಕಿಗೂ ನನಗೂ ಇವತ್ತು ರಜೆ. ಬಟ್ಟೆ ಹಿಡಿದು ನಿನ್ನ ಕೋಣೆಗೆ ಹೋದೆ, ಒರೆಸಿದೆ. ಮನೆ ಬಿಟ್ಟು ಹೋಗುವ ಮುಂಚೆ ಅದರ ಸದ್ದು ಒಂದು ಸಲ ಕೇಳೋಣವೆಂದು ಗಿಟಾರನ್ನು ಆ ಪುಟ್ಟ ಸ್ಪೀಕರ್ ಪೆಟ್ಟಿಗೆಗೆ ಸಿಕ್ಕಿಸಿ, ನಾನೇ ತಂದುಕೊಟ್ಟ ವೈರ್ ಇಲ್ಲದ ಹೆಡ್‌ಫೋನ್ ಕಿವಿಗೇರಿಸಿ, ದಪ್ಪ ತಂತಿಯನ್ನು ಒಮ್ಮೆ ಮೀಟಿದೆ.

ಬೆರಳು ತಂತಿ ಬಿಟ್ಟಾಗಿತ್ತು. ಸದ್ದು ಇನ್ನೂ ಬರಬೇಕಿತ್ತು.

ತಡವೆಂದರೆ ರೆಪ್ಪೆ ಬಡಿಯುವಷ್ಟು. ಆದರೆ ನಲವತ್ತು ವರ್ಷ ರಂಗದ ಮೇಲೆ ನಿಂತವನಿಗೆ ಅಷ್ಟು ಸಾಕು. ಕತ್ತಿಗೆ ಕತ್ತಿ ತಗುಲಿದ ಮೇಲೆ ಪರದೆಯ ಹಿಂದಿನವನು ತಟ್ಟೆ ಬಡಿದರೆ ಸಭೆಯೆಲ್ಲ ನಗುತ್ತದಲ್ಲ, ಅಷ್ಟು ತಡ. ಹೆಡ್‌ಫೋನ್ ಆಫ್ ಮಾಡಿ ಪೆಟ್ಟಿಗೆಯಿಂದಲೇ ಕೇಳಿದೆ. ಬೆರಳೂ ಸದ್ದೂ ಒಟ್ಟಿಗೇ ಬಂದವು. ಮತ್ತೆ ಹೆಡ್‌ಫೋನ್ ಹಾಕಿಕೊಂಡು, ಗಡಿಯಾರದ ಸೆಕೆಂಡಿನ ಮುಳ್ಳು ಹೆಜ್ಜೆಯಿಟ್ಟಾಗಲೇ ಸದ್ದು ಕೇಳುವಂತೆ ಮೀಟಲು ನೋಡಿದೆ. ಪ್ರತಿ ಸಲವೂ ಮುಳ್ಳಿಗಿಂತ ಮುಂಚೆಯೇ ಕೈ ಓಡಿಸಬೇಕಾಯಿತು.

ಹೆಡ್‌ಫೋನ್ ತೆಗೆದು ನಿನ್ನ ಮಂಚದ ಮೇಲಿಟ್ಟೆ.

ಎಂಟು ತಿಂಗಳು, ದಿನಾ ಒಂದು ಗಂಟೆ, ನೀನು ಹೀಗೇ ಕೈ ಓಡಿಸಿದ್ದೀಯ. ಫೋನಿನಲ್ಲಿ ತಾಳದ ದೀಪ ಮಿನುಗುವುದಕ್ಕೂ ಕಿವಿಯ ಸದ್ದಿಗೂ ಜೋಡಿ ಸೇರಲೆಂದು ಬೆರಳಿಗೆ ಅವಸರ ಕಲಿಸಿದ್ದೀಯ. ಮೊದಲ ವಾರವೇ ನೀನು ಬಂದು, "ಅಪ್ಪಾ, ಇದ್ರಲ್ಲಿ ಸೌಂಡ್ ಏನೋ ಹಿಂದೆ ಬೀಳತ್ತೆ" ಎಂದಿದ್ದೆ. ನಾನು ಕನ್ನಡಿಯ ಮುಂದೆ ಮೀಸೆ ಅಂಟಿಸಿಕೊಳ್ಳುತ್ತಾ, "ಸಾಮಾನಿನ ಮೇಲೆ ತಪ್ಪು ಹೊರಿಸ್ಬೇಡ, ಕೈಗೆ ಬುದ್ಧಿ ಹೇಳು" ಎಂದೆ. ನೀನು ಕೈಗೆ ಬುದ್ಧಿ ಹೇಳಿದೆ. ಅದು ತಪ್ಪು ಬುದ್ಧಿಯೆಂದು ನಿನಗೆ ಹೇಗೆ ತಿಳಿಯಬೇಕಿತ್ತು?

ಆಮೇಲೆ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅಭ್ಯಾಸ ಮಾಡುವ ತಂಡದವರು ನಿನ್ನನ್ನು ಕರೆದರು. ಮೂರು ಭಾನುವಾರ ಹೋದೆ. ಮೂರನೆಯ ವಾರ ಡ್ರಮ್ಸ್ ಬಾರಿಸುವವನು, "ಅಕ್ಕಾ, ನಾವು ಹೊರಡೋ ಮೊದ್ಲೇ ನೀವು ಊರು ಸೇರಿರ್ತೀರ. ಮನೇಲಿ ತಾಳ ಸರಿ ಮಾಡ್ಕೊಂಡು ಬನ್ನಿ" ಎಂದನಂತೆ. ಅಳು ನುಂಗಿಕೊಂಡು ಬಂದವಳಿಗೆ ಸೋಫಾ ಮೇಲಿನ ಮಹಾರಾಜರು ಏನು ಅಪ್ಪಣೆ ಕೊಡಿಸಿದರು ನೆನಪಿದೆಯಾ? "ನಮ್ಮ ವಂಶದಲ್ಲಿ ತಾಳ ತಪ್ಪಿದವರು ಯಾರೂ ಇಲ್ಲ. ನಿಂಗೆಲ್ಲಿಂದ ಬಂತೋ." ಅಂದೇ ನೀನು ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೆ. ಆ ಜಿಪ್ಪಿನ ಸದ್ದು ಮಾತ್ರ ಒಂದಿಷ್ಟೂ ತಡವಾಗದೆ ಬಂದು ತಗುಲಿತ್ತು. ನಾನು ಕೇಳಿಸದವನಂತೆ ನಟಿಸಿದೆ.

ಇವತ್ತು ಮಧ್ಯಾಹ್ನ ಆ ಹೆಡ್‌ಫೋನ್ ಮಾರಿದ ಅಂಗಡಿಯವನಿಗೆ ಫೋನ್ ಹಚ್ಚಿದೆ. "ಸಾರ್, ಅದು ಹಾಡು ಕೇಳೋಕೆ. ಬಾರಿಸೋಕೆ ವೈರ್ ಇರೋದೇ ತಗೊಳ್ಳಿ ಅಂತ ಅವತ್ತೇ ಬಡ್ಕೊಂಡೆ. ನೀವು ಯುದ್ಧದ ಸೀನ್ ಹೇಳ್ತಾ ಇದ್ರಿ" ಎಂದ. ಹೌದು, ಹೇಳುತ್ತಿದ್ದೆ. ಕೌಂಟರಿನ ಸುತ್ತ ನಾಲ್ಕು ಜನ ಸೇರಿದ್ದರಲ್ಲ.

ಇನ್ನೊಂದು ಮಾತು, ಇದೇ ನನ್ನನ್ನು ಹೆಚ್ಚು ಸುಡುವುದು. ಆಗ ನಿನಗಿನ್ನೂ ಎಂಟು ವರ್ಷ. ನಮ್ಮ ನಾಟಕದಲ್ಲಿ ಮಿಂಚು ಹೊಳೆದಾಗ ಪರದೆಯ ಪಕ್ಕ ನಿಂತು ತಗಡು ಅಲ್ಲಾಡಿಸಿ ಗುಡುಗು ಬರಿಸುತ್ತಿದ್ದವಳು ನೀನು. ಹನ್ನೊಂದು ಪ್ರದರ್ಶನ. ಮಿಂಚಿನ ಹಿಂದೆ ಎಷ್ಟು ಬಿಟ್ಟು ಗುಡುಗಬೇಕೋ ಅಷ್ಟೇ ಬಿಟ್ಟೆ, ಒಮ್ಮೆಯೂ ತಪ್ಪಲಿಲ್ಲ. ಗುಡುಗಮ್ಮ ಎಂಬ ಹೆಸರು ಬಂದದ್ದೇ ಹಾಗೆ. ನಿನ್ನ ತಾಳ ಎಂಥದೆಂದು ಈ ಲೋಕದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ. ಗೊತ್ತಿದ್ದೂ ಆ ಮಾತು ಆಡಿದೆ.

ತಪ್ಪು ನಿನ್ನದಲ್ಲ, ಹೆಡ್‌ಫೋನಿನದು. ಅದನ್ನು ನಿನ್ನ ತಲೆಗೆ ತೊಡಿಸಿದ ಕೈ ನನ್ನದು. ಟೈಲರ್ ಅಕ್ಕ ಕೆಳಗಿನ ಮನೆಯಿಂದ ಬಂದು ಗಲಾಟೆಯೆಂದು ದೂರಿದಳು, ಅದಕ್ಕೇ ತಂದೆ ಎಂದು ಅವತ್ತು ಹೇಳಿದ್ದೆ. ಅದಿರಲಿ. ಓಡುವುದನ್ನು ಕಲಿತ ಬೆರಳು ನಿಲ್ಲುವುದನ್ನೂ ಕಲಿತೀತು. ಗಿಟಾರ್ ಕೊಡುವುದು ಬಿಡುವುದು ನಿನಗೆ ಬಿಟ್ಟದ್ದು. ನಿನಗೆ ತಾಳವಿಲ್ಲವೆಂದು ನಂಬಿಕೊಂಡು ಮಾತ್ರ ಕೊಡಬೇಡ. ಈ ಪತ್ರವನ್ನು ನೀನು ಬರುವಷ್ಟರಲ್ಲಿ ಗಿಟಾರಿನ ಚೀಲದ ಮೇಲೆ ಇಟ್ಟಿರುತ್ತೇನೆ.

ಇಂತಿ,
ಇವತ್ತು ಗಂಟಲು ತೆರೆಯಲು ಅಂಜುತ್ತಿರುವ
ನಿನ್ನ ಅಪ್ಪ

ತಾ.ಕ.: "ಅದಿರಲಿ" ಎಂದು ಮೇಲೆ ಬರೆದೆನಲ್ಲ, ಅದನ್ನು ಇರಲು ಬಿಡಲಾರೆ. ಟೈಲರ್ ಅಕ್ಕ ಯಾವತ್ತೂ ದೂರಲಿಲ್ಲ. ಹೆಡ್‌ಫೋನ್ ತಂದ ಹತ್ತು ದಿನಕ್ಕೆ ಮೆಟ್ಟಿಲಲ್ಲಿ ನಿಲ್ಲಿಸಿ, "ಮಗಳು ಬಾರಿಸೋದು ಬಿಟ್ಲಾ ಅಣ್ಣಾ? ಆ ಸದ್ದಿಗೆ ಮಿಷನ್ ತುಳಿಯೋದು ಹಗುರ ಅನ್ನಿಸ್ತಿತ್ತು" ಎಂದಳು. ನಗುತ್ತಾ ಇಳಿದುಬಿಟ್ಟೆ. ದೂರಿದವನು ನಾನು. ರಾಜನ ಪಾರ್ಟು ಬಾಯಿಪಾಠ ಮಾಡುತ್ತಿದ್ದೆ, ನನ್ನ ಮನೆಯಲ್ಲಿ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಮೆಟ್ಟಿಲಲ್ಲಿ ನಿಲ್ಲುವವರು ನನ್ನ ಮಾತಿನ ಬದಲು ನಿನ್ನ ಗಿಟಾರ್ ಕೇಳಲು ನಿಲ್ಲತೊಡಗಿದ್ದರು. ನಾಳೆ ಬೆಳಿಗ್ಗೆ ಎಂಟಕ್ಕೆ ಕೆಳಗಿಳಿದು ಟೈಲರ್ ಅಕ್ಕನ ಬಾಗಿಲು ತಟ್ಟಿ, ಅವಳ ಹೆಸರಿನಲ್ಲಿ ಆಡಿದ ಸುಳ್ಳನ್ನು ಅವಳಿಗೇ ಹೇಳುತ್ತೇನೆ. ಆಮೇಲೆ ಮೇಲೆ ಬಂದು ಸ್ಪೀಕರ್ ಪೆಟ್ಟಿಗೆಯನ್ನು ಹಾಲ್‌ಗೆ ತಂದು, ಕಿಟಕಿಗಳನ್ನೆಲ್ಲ ತೆರೆದು, ನೀನು ಬಾರಿಸಿದರೆ ಕೇಳಲೆಂದು ಹತ್ತು ಗಂಟೆಯವರೆಗೆ ನೆಲದ ಮೇಲೆ ಬಾಯಿ ಮುಚ್ಚಿ ಕೂರುತ್ತೇನೆ.