ಟೊಳ್ಳು ಬೀಜದ ವರದಿ

ಅಕ್ಕಾ,

ಪ್ರಯೋಗಾಲಯಕ್ಕೆ ಕಳಿಸಿದ್ದ ನಿನ್ನ ಟೊಳ್ಳು ಬೀಜಗಳ ವರದಿ ಇವತ್ತು ಬಂತು. ಕಾಡು ಟೊಮೆಟೊದ ಪರಾಗವನ್ನು ನಮ್ಮ ಟೊಮೆಟೊ ಹೂವಿಗೆ ಮುಟ್ಟಿಸಿ ನೀನು ನಾಲ್ಕು ವರ್ಷ ಮಾಡಿದ ಬೀಜಗಳು. ಒಂದೂ ಮೊಳೆಯದಿದ್ದಾಗ, ನಿನ್ನ ಕೈಯೇ ಸರಿಯಿಲ್ಲವೆಂದು ನಿನ್ನನ್ನು ಹಸಿರುಮನೆಯಿಂದ ಹೊರಗಟ್ಟಿದವನು ನಾನೇ.

ಪ್ರಯೋಗಾಲಯದಾಕೆ ಬಿಡಿಸಿ ಹೇಳಿದಳು: "ಕ್ರಾಸ್ ಸರಿಯಾಗೇ ಆಗಿದೆ ಸಾರ್. ಜೀನಿನ ಮೇಲೆ ಅಪ್ಪ-ಗಿಡ ಹಾಕಿ ಕಳಿಸೋ ಗುರುತಿಗೂ ಅಮ್ಮ-ಗಿಡದ ಗುರುತಿಗೂ ತಾಳೆ ಆಗ್ಲಿಲ್ಲ. ಒಳಗಿನ ಕೂಸಿಗೆ ಊಟ ಸಿಗದೆ ಬೀಜ ಬತ್ತಿಹೋಯ್ತು. ಯಾರು ಮಾಡಿದ್ರೂ ಇಷ್ಟೇ."

ಆಮೇಲೆ ಕೇಳಿದಳು: "ಎಂಥ ಚೊಕ್ಕ ಕೈ ಸಾರ್! ಬೇರೆ ಪರಾಗ ಒಂದು ಕಣವೂ ಸೇರಿಲ್ಲ. ಯಾರದು?"

ಲಾಭವಿಲ್ಲದೆ ಬಾಯಿ ಬಿಚ್ಚದವನು ನಿನ್ನ ತಮ್ಮ. ನೀನು ತೀರಿಕೊಂಡು ಎರಡು ವರ್ಷವಾದ ಮೇಲೆ ನಿಜ ಹೇಳಿದ್ದರೆ ನಷ್ಟವಾದರೂ ಏನಿತ್ತು?

"ಹಿಂದೆ ಯಾರೋ ಒಬ್ರು ಕೆಲಸಕ್ಕಿದ್ರು" ಎಂದುಬಿಟ್ಟೆ.